ತೊಳೆದ ಬಿರುಕು

ಕಲ್ಲು, ಹರಳುಗಳನ್ನು ಬಲ್ಲವರು ಹೇಳಬೇಕಾದ ಕಥೆ ಇದು. ಅಂಥವರು ಯಾರಾದರೂ ಓದುವುದಾದರೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಹೆಸರುಗಳಲ್ಲಿ ತಪ್ಪಿರಬಹುದು, ಒಡೆಯುವ ವಿಧಾನದ ವಿವರದಲ್ಲೂ ತಪ್ಪಿರಬಹುದು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿದೆ. ಇದರಲ್ಲಿ ಬರುವ ಇಬ್ಬರೂ ಒಳ್ಳೆಯವರು. ಹೇಳುವ ಭರದಲ್ಲಿ ಒಬ್ಬರ ತಲೆಗೆ ಸುಳ್ಳಿನ ಆರೋಪ ಕಟ್ಟಿದಂತಾಗಬಾರದು. ಆದರೂ ಪ್ರಭಾಕರ ಹುದ್ದಾರನ ಮನಸ್ಸಿನಲ್ಲಿ ಇದು ಹೇಗೆ ಕೂತಿದೆಯೋ ಹಾಗೆ ಹೇಳುವ ಧೈರ್ಯ ಮಾಡಿದ್ದಾಯಿತು.

ಪ್ರಭಾಕರ ಗದಗಿನ ಕಡೆಯವನು. ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕೆಲಸ; ಈಗ ತಪಾಸಣೆ ವಿಭಾಗದಲ್ಲಿದ್ದಾನೆ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಬೆಳಕಿಗೆ ಹಿಡಿದು ನೋಡಿ, ಸರಿ ಇದ್ದರೆ ಸಹಿ ಹಾಕುವುದು ಅವನ ಪಾಲಿನದು. ಆ ಚಟ ಮನೆಗೂ ಬಂದಿತ್ತು. ಗ್ಯಾಸಿನ ಗುಂಡಿಯನ್ನು ಎರಡು ಸಲ ನೋಡುವನು, ಬೀಗವನ್ನು ಮೂರು ಸಲ ಜಗ್ಗುವನು. "ನಮ್ಮನ್ಯಾಗ ಹಾಲು ಉಕ್ಕಬೇಕಂದ್ರೂ ಇವರ ಸಹಿ ಬೇಕ್ರಿ" ಎಂದು ಹೆಂಡತಿ ಮೃದುಲಾ ನೆಂಟರ ಮುಂದೆ ನಗುತ್ತಿದ್ದಳು.

ಅವನಿಗಿದ್ದ ಒಂದೇ ಹವ್ಯಾಸ ಕಲ್ಲು. ಆ ಸೀಮೆಯ ಕರಿಕಲ್ಲಿನ ಹೊಟ್ಟೆಯಲ್ಲಿ ಅಲ್ಲಲ್ಲಿ ಪೊಳ್ಳುಗಳಿರುತ್ತವೆ. ಬಾವಿ ತೋಡುವಾಗ, ರಸ್ತೆಗೆ ಗುಡ್ಡ ಕಡಿಯುವಾಗ ಆ ಪೊಳ್ಳುಗಳು ತೆರೆದುಕೊಂಡು ಬಿಳಿ, ಹಸಿರು, ನಸುಗೆಂಪು ಹರಳುಗಳು ಸಿಗುತ್ತವೆ. ಭಾನುವಾರ ಹೋಗಿ ಆರಿಸಿ ತರುವುದು, ಹಿತ್ತಿಲ ವರಾಂಡದಲ್ಲಿ ಕೂತು ಸುತ್ತಲಿನ ಬೇಡದ ಕಲ್ಲನ್ನು ಒಪ್ಪವಾಗಿ ಬಿಡಿಸುವುದು, ತೊಳೆದು ಹಲಗೆಯ ಮೇಲೆ ಇಡುವುದು.

ಇದನ್ನು ಹಚ್ಚಿದವರು ನರಸಿಂಹಮೂರ್ತಿ. ತಿಪಟೂರಿನ ಕಡೆಯವರು, ಬ್ಯಾಂಕಿನಲ್ಲಿದ್ದವರು. ವರ್ಗವಾಗಿ ನಾಸಿಕಕ್ಕೆ ಬಂದಾಗ ಪ್ರಭಾಕರ ಇನ್ನೂ ಅಪ್ರೆಂಟಿಸ್. ಸಂಜೆಯ ತರಗತಿಗಳಲ್ಲಿ ಡಿಪ್ಲೊಮಾ ಓದುತ್ತ ಗಣಿತಕ್ಕೂ ಇಂಗ್ಲಿಷಿಗೂ ತಡವರಿಸುತ್ತಿದ್ದ ಹುಡುಗ. ಕನ್ನಡ ಸಂಘದ ಗಣಪತಿಯಲ್ಲಿ ಪರಿಚಯವಾದದ್ದೇ ನೆಪ, ಮೂರ್ತಿಯವರು ವಾರಕ್ಕೆರಡು ಸಂಜೆ ತಮ್ಮ ಊಟದ ಮೇಜಿನಲ್ಲಿ ಕೂಡಿಸಿಕೊಂಡು ಪಾಠ ಹೇಳಿದರು. ಭಾನುವಾರ ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಪಾಂಡವಲೇಣಿ ಗುಹೆಗಳ ಗುಡ್ಡದ ಆಚೆ ಕಲ್ಲು ತೋರಿಸಲು ಕರೆದೊಯ್ದರು. ಡಿಪ್ಲೊಮಾ ಪಾಸಾದದ್ದು ಅವರಿಂದ ಎಂದು ಪ್ರಭಾಕರ ಇಂದಿಗೂ ಹೇಳುತ್ತಾನೆ. ಆಮೇಲೆ ಅವರಿಗೆ ಔರಂಗಾಬಾದಿಗೆ ವರ್ಗವಾಯಿತು. ನಿವೃತ್ತಿಯಾದ ಮೇಲೂ ಅಲ್ಲೇ ನಿಂತರು; ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ.

ಜನವರಿಯ ಕೊನೆಯ ಭಾನುವಾರ ಮೂರ್ತಿಯವರು ಕರೆಸಿಕೊಂಡರು. ಮೇಜಿನ ಮೇಲೆ ಆ ಕಲ್ಲು ಇತ್ತು. ಪ್ರಭಾಕರನಿಗೆ ಅದು ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆ ಚಿಕಲಠಾಣಾದ ಆಚೆ ಬಾವಿ ತೋಡುತ್ತಿದ್ದವರಿಂದ ಮೂರ್ತಿಯವರಿಗೆ ಸಿಕ್ಕಿದ್ದು, ಎರಡು ತೆಂಗಿನಕಾಯಿ ಜೋಡಿಸಿಟ್ಟಷ್ಟು ಗಾತ್ರ. ಹೊರಗಿನಿಂದ ಏನೂ ಇಲ್ಲ, ಬರೀ ಕರಿ. ಒಂದು ಮಗ್ಗುಲಿಗೆ ಮಾತ್ರ ಬೆರಳಗಲದ ಸಂದು. ಟಾರ್ಚು ಬಿಟ್ಟು ಕಣ್ಣು ಹಚ್ಚಿದರೆ ಒಳಗೆ ಬಿಳಿ ಹರಳುಗಳ ಹಾಸಿನ ಮೇಲೆ ನೆಲ್ಲಿಕಾಯಿ ಗಾತ್ರದ ಅಪೋಫಿಲೈಟ್ ಎಂಬ ಜಾತಿಯ ಒಂದೇ ಒಂದು ಹಸಿರು ಹರಳು ಕೂತಿತ್ತು. ಒಡೆಸಿ ಎಂದು ಎಷ್ಟು ಜನ ಹೇಳಿದರೂ ಮೂರ್ತಿಯವರು ಇಣುಕಿ ನೋಡುವ ಸುಖವೇ ಬೇರೆ ಎಂದು ಹಾಗೇ ಇಟ್ಟಿದ್ದರು.

"ಬಲಗಣ್ಣು ಹೋಯ್ತು ಕಣಯ್ಯಾ," ಎಂದರು ಅವರು. "ಗ್ಲಾಕೋಮಾ. ಎಡಗಣ್ಣಲ್ಲಿ ಕೊಳವೆ ಒಳಗಿಂದ ನೋಡ್ದಂಗೆ ಒಂದು ತೂತು ಉಳಿದಿದೆ. ಈ ತೂತಿಂದ ಆ ತೂತೊಳಕ್ಕೆ ನೋಡಕ್ಕೆ ಆಗ್ತಾ ಇಲ್ಲ. ಬಿಡಿಸಿಕೊಡು."

ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಆಪರೇಷನ್. ಉಳಿದಷ್ಟನ್ನು ಉಳಿಸಲು ಮಾಡುವುದೇ ಹೊರತು ಹೆಚ್ಚಿನದೇನಕ್ಕೂ ಡಾಕ್ಟರರು ಭರವಸೆ ಕೊಟ್ಟಿರಲಿಲ್ಲ. ಇರುವುದೂ ಹೋಗಬಹುದು ಎಂದು ಕಾಗದಕ್ಕೆ ರುಜು ಹಾಕಿಸಿಕೊಂಡಿದ್ದರು. ಅದಕ್ಕೆ ಮುಂಚೆ ಆ ಹಸಿರನ್ನು ಒಮ್ಮೆ ಬಯಲಿನಲ್ಲಿ ನೋಡಬೇಕು. ಅಷ್ಟೇ ಅವರ ಆಸೆ.

"ಸರ್, ನನ್ನ ಕೈಲೆ ಆಗೂದಿಲ್ರಿ. ನಂದೆಲ್ಲಾ ಸಣ್ಣ ಸಣ್ಣ ತುಂಡಿನ ಕೆಲಸ. ಪುಣೇದಾಗ ದೊಡ್ಡ ಮಷೀನ್ ಇಟ್ಟಾವ್ರು ಅದಾರ, ಅವರ ಕಡೆ ಒಯ್ದು ಕೊಡ್ತೀನಿ."

"ಅವರಿಗೆ ಅದು ದಿನದ ನೂರು ಕಲ್ಲಲ್ಲಿ ಒಂದು. ನೀನು ಹೆದರಿಕೊಂಡು ಮಾಡ್ತೀಯ. ಹೆದರೋರ ಕೈಗೇ ಕೊಡಬೇಕು."

ಮೂರ್ತಿಯವರ ಹೆಂಡತಿ ಅನಸೂಯಮ್ಮ ಕಲ್ಲನ್ನು ಹಳೆಯ ಪಂಚೆಯಲ್ಲಿ ಸುತ್ತಿ ಚೀಲಕ್ಕಿಟ್ಟರು. ಬಸ್ಸಿನಲ್ಲಿ ಮೇಲಿನ ಹಲಗೆಯ ಮೇಲಿಡದೆ ತೊಡೆಯ ಮೇಲೇ ಇಟ್ಟುಕೊಳ್ಳಲು ಹೇಳಿದರು. ವೈಜಾಪುರ, ಯೇವಲಾ, ನಿಫಾಡ್ ದಾಟಿ ಮನೆ ಮುಟ್ಟುವವರೆಗೂ ಅವನು ಅದನ್ನು ಎಳೆಗೂಸಿನಂತೆ ಹಿಡಿದು ಕೂತಿದ್ದ. ಈರುಳ್ಳಿ ತುಂಬಿದ ಲಾರಿಗಳ ಹಿಂದೆ ಬಸ್ಸು ಕುಳಿಗಿಳಿದು ಏರಿದಾಗಲೆಲ್ಲ ಮೊಣಕಾಲನ್ನು ಮೇಲೆತ್ತಿಕೊಂಡ.

ಮನೆಯಲ್ಲಿ ಮೊದಲು ಮಾಡಿದ ಕೆಲಸವೆಂದರೆ ಕಲ್ಲಿನ ಹೊರಮೈಯನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿ ನೋಟ್‌ಬುಕ್ಕಿನಲ್ಲಿ ಬರೆದದ್ದು. ಬಿರುಕು: ಕಾಣಲಿಲ್ಲ. ಬಾವಿಯ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡು ಹಿಂಬದಿಯಲ್ಲಿ ಒಂದು ದಪ್ಪ ಪದರವೇ ಆಗಿತ್ತು. ಅದನ್ನು ಕೆರೆದರೆ ಒಳಗೆ ನಡುಗೀತೆಂದು ಕೆರೆಯಲಿಲ್ಲ.

ಆಮೇಲೆ ಹತಾರಗಳ ಯೋಚನೆ. ವರಾಂಡದ ಕಟ್ಟೆಯ ಮೇಲೆ ಎಲ್ಲವನ್ನೂ ಸಾಲಾಗಿ ಹರವಿದ. ಅರ್ಧ ಕಿಲೋದ ಸುತ್ತಿಗೆ ಮತ್ತು ಎರಡು ಚಾಣ. ಇವು ಎಲ್ಲಕ್ಕಿಂತ ಹಳೆಯ ಸಂಗಾತಿಗಳು. ಆದರೆ ಪೆಟ್ಟು ಬಿದ್ದ ಜಾಗದಲ್ಲಿ ಪೆಟ್ಟು ನಿಲ್ಲುವುದಿಲ್ಲ, ಕಲ್ಲಿನುದ್ದಕ್ಕೂ ಓಡುತ್ತದೆ; ಅಪೋಫಿಲೈಟ್ ತನ್ನ ಬುಡದಲ್ಲಿ ಹಪ್ಪಳ ಎದ್ದಂತೆ ಸೀಳಿ ಬರುವ ಜಾತಿ. ವಜ್ರದ ಬಿಲ್ಲೆ ಹಾಕಿದ ಗ್ರೈಂಡರ್ ಇತ್ತು. ಅದು ಗೆರೆ ಹೊಡೆದಂತೆ ಕೊಯ್ಯುತ್ತದೆ, ನಿಜ. ಆದರೆ ಅದರ ನಡುಕವೂ ನೀರು ಬೆರೆತ ಕರಿ ರಾಡಿಯೂ ಸಂದಿನೊಳಗೆ ಹೋಗಿ ಬಿಳಿ ಹರಳುಗಳ ನಡುವೆ ಕೂತರೆ ತೆಗೆಯುವವರಿಲ್ಲ. ಮೂರನೆಯದು ಟೈಲ್ಸ್ ಕಚ್ಚಿ ಮುರಿಯುವ ಇಕ್ಕಳ. ಅದು ಇಲಿ ರೊಟ್ಟಿ ಕಡಿದಂತೆ ಅಂಚನ್ನು ಚೂರುಚೂರೇ ಕಡಿಯುತ್ತದೆ.

ಕಾಲೇಜಿಗೆ ಹೊರಟಿದ್ದ ಮಗಳು ರುಚಿತಾ ಆ ಸಾಲನ್ನು ನೋಡಿ ನಿಂತಳು. "ಪಪ್ಪಾ, ಎವಢಂ ಟೆನ್ಶನ್ ಕಶಾಲಾ? ಒಂದ್ ಹೊಡದ್ರ ಆತಲ್ಲ." ಇಷ್ಟೊಂದು ಟೆನ್ಶನ್ ಯಾಕೆ ಎಂದು ಅವಳ ಪ್ರಶ್ನೆ; ಅವಳ ಅರ್ಧ ಮಾತು ಮರಾಠಿ, ಅರ್ಧ ಗದಗು.

ಅವನು ಕಲ್ಲನ್ನು ಮಧುಕರನಿಗೆ ತೋರಿಸಿದ. ಮಧುಕರ ಪಾಂಡವಲೇಣಿಯ ಹತ್ತಿರ ಹರಳುಗಳ ಅಂಗಡಿ ಇಟ್ಟಿರುವ ಮರಾಠಿಯವನು; ಅವನಪ್ಪ ಕ್ವಾರಿಯಲ್ಲಿ ದುಡಿದವನು. ಮಧುಕರ ಕಲ್ಲನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಬಾಗಿಲು ಬಡಿದಂತೆ ಸುತ್ತಲೂ ಬಡಿದು ನೋಡಿದ. ಪೊಳ್ಳು ದೊಡ್ಡದಿದೆ, ಹಿಂದಿನ ಗೋಡೆ ತೆಳುವಿದೆ ಎಂದ. ಇದಕ್ಕೆ ಇಕ್ಕಳವೇ ಸರಿ. ಮರಳಿನ ಚೀಲದ ಮೇಲಿಟ್ಟು ಕೈಯಲ್ಲಿ ಸಡಿಲವಾಗಿ ಹಿಡಿದುಕೋ, ಎಲ್ಲಿಯೂ ಬಿಗಿಯಬೇಡ, ಸಂದಿನ ತುಟಿಯಿಂದ ಶುರುಮಾಡಿ ಕಡಿಯುತ್ತ ಹೋಗು ಎಂದ. ಎಷ್ಟು ದಿನ ಹಿಡಿದೀತು ಎಂದು ಪ್ರಭಾಕರ ಕೇಳಿದ್ದಕ್ಕೆ, ಕಲ್ಲಿಗೆ ಕ್ಯಾಲೆಂಡರ್ ಇರುತ್ತದೆಯೇ ಎಂದು ಕುಚೋದ್ಯ ಮಾಡಿದ.

ಕಲ್ಲಿಗಿಲ್ಲದಿದ್ದರೂ ಕಣ್ಣಿಗಿತ್ತು. ಪ್ರಭಾಕರ ಲೆಕ್ಕ ಹಾಕಿದ. ಇಕ್ಕಳದ ಒಂದು ಕಚ್ಚಿಗೆ ಹೋಗುವುದು ಕಡಲೆಬೇಳೆಯಷ್ಟು. ಹಿಡಿದದ್ದು ನಡುಗದಂತೆ ಹಗಲು ಬೆಳಕಿನಲ್ಲಿ ಮಾಡಬೇಕಾದ ಕೆಲಸ, ಅಂದರೆ ಭಾನುವಾರಗಳಲ್ಲಿ ಮಾತ್ರ. ಎರಡು ತಿಂಗಳಾದರೂ ಬೇಕು. ಉಳಿದಿದ್ದ ಭಾನುವಾರಗಳು ನಾಲ್ಕು. ಅದರಲ್ಲಿ ಕೊನೆಯದು ತಲುಪಿಸುವುದಕ್ಕೆ. ಇದಲ್ಲದೆ, ಬಿಗಿಯಬೇಡ ಎಂಬ ಮಾತು ಅವನ ಕೈಗೆ ಒಗ್ಗುವಂಥದ್ದಲ್ಲ. ಬಿಗಿದು ಹಿಡಿಯದ ಕೆಲಸ ಕೆಟ್ಟ ಕೆಲಸ ಎಂದು ಅಪ್ರೆಂಟಿಸ್ ಆಗಿದ್ದ ಮೊದಲ ವಾರ ಕಲಿತದ್ದು ಮೂಳೆಗೆ ಇಳಿದಿತ್ತು.

ಅವನು ನಾಲ್ಕನೆಯ ದಾರಿ ಹಿಡಿದ. ತಿರುಪಿನ ಪ್ರೆಸ್. ಗಟ್ಟಿ ಉಕ್ಕಿನ ಎರಡು ಅಂಚುಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ಕಲ್ಲಿಟ್ಟು, ಹಿಡಿಯನ್ನು ಕಾಲುಕಾಲು ಸುತ್ತು ತಿರುಗಿಸುತ್ತ ಬಂದರೆ ಒತ್ತಡ ಮೆಲ್ಲಗೆ ಏರುತ್ತದೆ; ಪೆಟ್ಟಿಲ್ಲದೆ, ನಡುಕವಿಲ್ಲದೆ ಕಲ್ಲು ಗುರುತು ಹಾಕಿದ ಗೆರೆಗೆ ಸರಿಯಾಗಿ ಸೀಳಿ ಬಿಡುತ್ತದೆ. ಕಾರ್ಖಾನೆಯ ಒಂದು ಮೊಳೆಯನ್ನೂ ಅವನು ಎಂದೂ ಮನೆಗೆ ತಂದವನಲ್ಲ. ಸಾತಪುರದ ಗುಜರಿ ಅಂಗಡಿಗಳಲ್ಲಿ ತಿರುಪು, ಪಟ್ಟಿ ಹುಡುಕಿ ತಂದು, ಓಝರ್‌ನ ವೆಲ್ಡರ್‌ನಿಂದ ಚೌಕಟ್ಟು ಮಾಡಿಸಿಕೊಂಡ. ಫೆಬ್ರವರಿಯ ಮೊದಲ ಭಾನುವಾರ ಅದರಲ್ಲೇ ಹೋಯಿತು.

ಎರಡನೆಯ ಭಾನುವಾರ ಪರೀಕ್ಷೆ. ಹಳ್ಳದಿಂದ ಅದೇ ಕರಿಕಲ್ಲಿನ, ಅಷ್ಟೇ ದಪ್ಪದ ಏಳು ತುಂಡು ಆರಿಸಿ ತಂದು ಒಂದೊಂದನ್ನೇ ಪ್ರೆಸ್ಸಿಗಿಟ್ಟ. ದಪ್ಪ ಎಷ್ಟು, ಎಷ್ಟನೆಯ ಕಾಲು ಸುತ್ತಿನಲ್ಲಿ ಬಿಟ್ಟಿತು, ಗೆರೆಯಿಂದ ಎಷ್ಟು ಸರಿಯಿತು, ಎಲ್ಲವನ್ನೂ ಬರೆದ. ಏಳೂ ಗೆರೆಯ ಮೇಲೇ ಬಿಟ್ಟವು, ಹೆಚ್ಚುಕಡಿಮೆ ಆರನೆಯ ಕಾಲು ಸುತ್ತಿನಲ್ಲಿ. ಕೆಳಗೆ "ಸರಿ ಇದೆ" ಎಂದು ಬರೆದು, ಕೈ ತಾನಾಗಿಯೇ ಹೋಗಿ ಸಹಿಯನ್ನೂ ಹಾಕಿತು. ಪರೀಕ್ಷೆಯ ತುಂಡು ನಿಜವಾದ ವಸ್ತುವಿನ ಹಾಗೇ ಇರಬೇಕು ಎಂಬುದು ಅವನ ಕೆಲಸದ ಮೊದಲ ನಿಯಮ. ಕಲ್ಲಿನ ಜಾತಿ ಅದೇ, ದಪ್ಪ ಅದೇ ಎಂದು ಅವನು ಎರಡು ಸಲ ತಾಳೆ ನೋಡಿದ್ದ. ಆ ಏಳೂ ತುಂಬುಗಲ್ಲುಗಳು, ಒಂದರಲ್ಲೂ ಪೊಳ್ಳಿಲ್ಲ ಎಂಬುದು ಅವನ ಗಮನಕ್ಕೆ ಬರಲಿಲ್ಲ. ಮಧುಕರ ಬಡಿದು ತೋರಿಸಿದ್ದೂ ನೆನಪಾಗಲಿಲ್ಲ.

ಮೂರನೆಯ ಭಾನುವಾರ ಶಿವರಾತ್ರಿ. ಮೃದುಲಾ ಉಪವಾಸವಿದ್ದಳು. ಸಾಬುದಾಣಿ ಖಿಚಡಿಗೆ ಶೇಂಗಾ ಕುಟ್ಟುತ್ತ, "ಇವತ್ತೊಂದ ದಿನ ಕಲ್ಲ ಒಡೀಬ್ಯಾಡ್ರಿ" ಎಂದಳು. ನಾಳೆ ಕೆಲಸವಿದೆ, ಮುಂದಿನ ಭಾನುವಾರ ಕೊಡಬೇಕು ಎಂದ ಅವನು.

ಕನ್ನಡಕ ಏರಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಕಲ್ಲಿನ ಕೆಳಗೆ ಹತ್ತಿ ಹಾಸಿದ ತಟ್ಟೆಯಿಟ್ಟು, ಉಕ್ಕಿನ ಅಂಚುಗಳನ್ನು ಸಂದಿನ ಎರಡೂ ತುದಿಗೆ ಸರಿಯಾಗಿ ಕೂಡಿಸಿದ. ಒಂದು ಕಾಲು ಸುತ್ತು. ಎರಡು. ಪ್ರತಿ ಸಲ ನಿಂತು ನೂರು ಎಣಿಸಿದ. ನಾಲ್ಕನೆಯದಕ್ಕೆ ಹಿಡಿ ಇರಬೇಕಾದ್ದಕ್ಕಿಂತ ಹಗುರಾಗಿದೆಯೇನೋ ಅನ್ನಿಸಿತು. ಕಲ್ಲು ಒಳಗೇ ಸೋಲುತ್ತಿರುವ ಲಕ್ಷಣ ಅದು; ಅಲ್ಲಿಗೆ ನಿಲ್ಲಿಸಬೇಕಿತ್ತು. ಅವನು ನೋಟ್‌ಬುಕ್ ನೋಡಿದ, ಆ ಲೆಕ್ಕದಂತೆ ಇನ್ನೂ ಎರಡಿವೆ. ಐದನೆಯದಕ್ಕೆ ಕೈ ಇಟ್ಟದ್ದಷ್ಟೇ. ಹಳೆಯ ಬಟ್ಟೆ ಹರಿದಂಥ ಸದ್ದು ಬಂತು. ಗೆರೆಯನ್ನು ಬಿಟ್ಟು ಬಿರುಕು ಹಿಂದಿನ ಗೋಡೆಯನ್ನು ಸುತ್ತಿಕೊಂಡು ಓಡಿ, ಕಲ್ಲು ಮೂರು ಹೋಳಾಗಿ ಬಿಚ್ಚಿಕೊಂಡಿತು. ಹಸಿರು ಹರಳು ತನ್ನ ಬುಡದಿಂದ ನುಣ್ಣಗೆ ಎದ್ದು ಹತ್ತಿಯ ಮೇಲೆ ಬಿತ್ತು.

ಅವನು ಪ್ರತಿಯೊಂದು ಕಲ್ಲಿಗೂ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಹರಳನ್ನು ಒರೆಸಿ ಡಬ್ಬಿಯಲ್ಲಿಟ್ಟ. ಒಡೆದ ಹೋಳುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರಲ್ಲಿ ಉಜ್ಜಿ, ತುಕ್ಕಿನ ಬಣ್ಣ ತೆಗೆಯುವ ಆಕ್ಸಾಲಿಕ್ ಆಸಿಡ್ ಪುಡಿ ಕರಗಿಸಿದ ಬಕೆಟ್ಟಿನಲ್ಲಿ ಮುಳುಗಿಸಿಟ್ಟ. ಆಗ ಕೈಗಳಿಗೆ ಏನಾದರೂ ಕೆಲಸ ಬೇಕಿತ್ತು.

ಮರುದಿನ ಕೆಲಸದಲ್ಲಿ ಮುರಿದ ಕೊಂಡಿಯೊಂದು ಅವನ ಮೇಜಿಗೆ ಬಂತು. ಯಾಕೆ ಮುರಿಯಿತು ಎಂದು ತಿಳಿಯಬೇಕಾದ ವಸ್ತುಗಳಿಗೆ ಚೀಟಿ ಕಟ್ಟುವುದು ಪದ್ಧತಿ. "ಮುರಿದ ಮುಖ ಮುಟ್ಟಬಾರದು, ತೊಳೆಯಬಾರದು" ಎಂದು ತಾನೇ ಬರೆಯುತ್ತಿದ್ದಾಗ ಪೆನ್ನು ಅಲ್ಲೇ ನಿಂತಿತು. ಹಳೆಯ ಬಿರುಕಾದರೆ ಅದರೊಳಗೆ ವರ್ಷಗಟ್ಟಲೆ ನೀರು, ಗಾಳಿಯ ತೇವ ಇಳಿದು ಕಂದು ಬಣ್ಣ ಕಟ್ಟಿರುತ್ತದೆ. ಹೊಸದಾದರೆ ಬೂದು. ಕಲ್ಲಿನಲ್ಲೂ ಲೋಹದಲ್ಲೂ ಮುರಿದ ಮುಖವೇ ಸಾಕ್ಷಿ. ಸಂಜೆ ಮನೆಗೆ ಓಡಿ ಬಂದು ಬಕೆಟ್ಟಿಗೆ ಕೈ ಹಾಕಿದ. ಮೂರೂ ಹೋಳು ಒಂದೇ ಸಮ ಬೂದು, ನಿನ್ನೆ ಒಡೆದ ಹಾಗೆ. ಹಿಂದಿನ ಗೋಡೆಯ ಅಂಚಿನಲ್ಲಿ ಭಾನುವಾರ ಒಂದೆಳೆ ಕಂದು ಕಂಡಿದ್ದಂತೆ ನೆನಪು. ನಿಜವಾಗಿ ಕಂಡಿತ್ತೋ, ಕಂಡಿದ್ದರೆ ಒಳ್ಳೆಯದಿತ್ತು ಎಂಬ ಆಸೆಯೋ, ಅವನಿಗೆ ಬೇರೆ ಮಾಡಿ ಹೇಳಲಾಗಲಿಲ್ಲ.

ಮಧುಕರನಿಗೆ ಫೋನ್ ಮಾಡಿದಾಗ ಅವನು ಬೈಯಲಿಲ್ಲ. ಅಂಟು ಹಾಕು, ಕಲ್ಲಿನ ಪುಡಿ ಬೆರೆಸಿ ತೀಡಿದರೆ ಗೆರೆ ಕಾಣುವುದಿಲ್ಲ, ಅಷ್ಟಕ್ಕೂ ಆ ಅಜ್ಜನಿಗೆ ಕಾಣುವುದೇ ಕಷ್ಟ ಎಂದ. ಮೃದುಲಾ ಕೂಡ ಅದನ್ನೇ ಹೇಳಿದಳು, ಬೇರೆ ಕಾರಣಕ್ಕೆ.

"ಹಚ್ಚಿ ಕೊಡ್ರಿ. ಆಪರೇಷನ್ ಮುಂದ ಇಟ್ಕೊಂಡು ಮುದುಕರ ಮನಸ್ಸ್ಯಾಕ ನೋಯಿಸ್ತೀರಿ? ಆಮ್ಯಾಲೆ ಹೇಳಿದ್ರಾತು."

"ಆಮ್ಯಾಲೆ ಕಣ್ಣ ಹೋತಂದ್ರ? ಅವರು ಕಟ್ಟಕಡೀಗೆ ನೋಡಿದ್ದು ನಾ ಹಚ್ಚಿದ ಅಂಟು ಅಂತ ಆವಾಗ ಹೆಂಗ ಹೇಳ್ಲಿ?"

"ಹೇಳಬ್ಯಾಡ್ರಿ ಹಂಗಾರ."

"ನನಗ ಗೊತ್ತಿರತೈತಲ್ಲ."

ಅಂಟಿನ ಟ್ಯೂಬ್ ಶನಿವಾರದವರೆಗೂ ಕಟ್ಟೆಯ ಮೇಲಿತ್ತು. ಎರಡು ಸಲ ಮುಚ್ಚಳ ತೆಗೆದ, ಎರಡು ಸಲ ಹಾಕಿದ.

ಭಾನುವಾರ ಸಂಭಾಜಿನಗರದಲ್ಲಿ ಅವನು ಕೂರುವ ಮೊದಲೇ, ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟ. ಪ್ರೆಸ್ ಆರಿಸಿದ್ದು, ತುಂಬುಗಲ್ಲಿನ ಮೇಲೆ ಪರೀಕ್ಷೆ ಮಾಡಿ ಪೊಳ್ಳುಗಲ್ಲಿಗೆ ಸಹಿ ಹಾಕಿದ್ದು, ಹಿಡಿ ಹಗುರಾದಾಗ ನಿಲ್ಲಿಸದೇ ಇದ್ದದ್ದು, ಹರಳು ಎದ್ದದ್ದು. ಕೊನೆಗೆ, ಒಡೆದ ಮುಖಗಳನ್ನು ತೊಳೆದು ಆಸಿಡ್ಡಿಗೆ ಹಾಕಿದ್ದು.

ಮೂರ್ತಿಯವರು ಅಷ್ಟನ್ನೂ ತಲೆ ತಗ್ಗಿಸಿ ಕೇಳಿದರು. "ಎಲ್ಲಾ ತೊಳೆದುಬಿಟ್ಟೆಯಾ?" ಎಂದರು.

"ಹೂಂನ್ರಿ."

"ಭಲೇ ಇನ್‌ಸ್ಪೆಕ್ಟರ್ ಸಾಹೇಬ." ಅದರಲ್ಲಿ ಸಿಟ್ಟಿತ್ತೋ ತಮಾಷೆಯೋ ತಿಳಿಯಲಿಲ್ಲ. "ಎಲ್ಲಿ, ಹಸಿರು ಕೊಡು."

ಹರಳನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಗೆ ಹೋದರು. ಎಡಗಣ್ಣಿನ ಮುಂದೆ ಮೇಲೆ ಕೆಳಗೆ, ಅತ್ತ ಇತ್ತ ಸರಿಸುತ್ತ ಕೊನೆಗೊಂದು ಕಡೆ ಕೈ ನಿಲ್ಲಿಸಿದರು. ಬೀದಿಯಲ್ಲಿ ತರಕಾರಿಯವನು ಮೆಂತ್ಯ, ಪಾಲಕ್ ಎಂದು ಕೂಗುತ್ತ ಹೋಗುವಷ್ಟು ಹೊತ್ತೂ ಅವರು ಹಾಗೇ ನಿಂತಿದ್ದರು. ಆಮೇಲೆ ಹೋಳುಗಳನ್ನು ಕೇಳಿದರು. ಬಿಳಿ ಹಾಸಿನ ಮೇಲೆ ಬೆರಳಾಡಿಸಿ, ಹರಳು ಕೂತಿದ್ದ ಗುಳಿಯಲ್ಲಿ ಉಗುರಿಟ್ಟು ನೋಡಿದರು.

"ಪ್ರಭಾಕರ, ಇದು ನೀನು ಒಡೆದಿದ್ದಲ್ಲ ಕಣೋ," ಎಂದರು ತಿರುಗದೆಯೇ. "ಈ ಮನೆಗೆ ಬರುವಾಗ ನಾನೇ ಮೆಟ್ಟಿಲ ಮೇಲೆ ಇದನ್ನ ಕೈಜಾರಿ ಬೀಳಿಸಿದ್ದೆ. ಹಿಂದುಗಡೆ ಆಗಲೇ ಬಿರುಕು ಬಿಟ್ಟಿತ್ತು. ಹೇಳಕ್ಕೆ ನಾಚಿಕೆಯಾಗಿ ಹೇಳಿರಲಿಲ್ಲ."

ಪ್ರಭಾಕರ ಅನಸೂಯಮ್ಮನ ಕಡೆ ನೋಡಿದ. ಅವರು ಕಾಫಿಯ ಲೋಟ ಇಡುತ್ತಿದ್ದರು.

"ಖರೇನ್ರಿ, ಅಮ್ಮಾ?"

"ಸಾಮಾನು ಸಾಗಿಸೋವಾಗ ನಾನು ತಿಪಟೂರಲ್ಲಿದ್ದೆ ಕಣಪ್ಪ," ಎಂದರು ಅವರು. "ಕುಡಿ, ಆರೋಗುತ್ತೆ."

ಆಪರೇಷನ್ ಆಯಿತು. ಎಡಗಣ್ಣಿನ ಆ ಒಂದು ತೂತು ದೊಡ್ಡದಾಗಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ. ಸದ್ಯಕ್ಕೆ ಹಾಗೇ ಇದೆ. ಹರಳು ಅವರ ಮೇಜಿನ ಮೇಲಿದೆ, ಮೂರು ಹೋಳು ಅದರ ಪಕ್ಕದಲ್ಲಿ. ಫೋನ್ ಮಾಡಿದಾಗ ಮೂರ್ತಿಯವರು ಕಣ್ಣಿನ ಹನಿಯ ಬಗ್ಗೆ, ಬಿಸಿಲಿನ ಬಗ್ಗೆ ಮಾತಾಡುತ್ತಾರೆ. ಕಲ್ಲಿನ ಮಾತೆತ್ತುವುದಿಲ್ಲ, ಪ್ರಭಾಕರನೂ ಎತ್ತುವುದಿಲ್ಲ.

ನೋಟ್‌ಬುಕ್ಕಿನ ಆ ಪುಟದಲ್ಲಿ ಕಾರಣ ಬರೆಯುವ ಜಾಗ ಖಾಲಿ ಇದೆ. ಮೂರ್ತಿಯವರು ಕಲ್ಲನ್ನು ನಿಜವಾಗಿಯೂ ಬೀಳಿಸಿದ್ದರೋ, ಸಾಕ್ಷಿ ತೊಳೆದುಹೋಗಿದೆ ಎಂದು ತಿಳಿದ ಮೇಲೆ ಶಿಷ್ಯನ ಮುಖ ನೋಡಲಾರದೆ ಹಾಗಂದರೋ ಅವನಿಗೆ ಗೊತ್ತಿಲ್ಲ. ಬಿರುಕು ಬಸ್ಸಿನಲ್ಲಿ ಬಿಟ್ಟಿರಬಹುದೇ ಎಂದೂ ಅವನು ಯೋಚಿಸಿದ್ದಾನೆ, ಅದೂ ಗೊತ್ತಿಲ್ಲ. ಇಕ್ಕಳ ಹಿಡಿದಿದ್ದರೆ ಹರಳು ಉಳಿಯುತ್ತಿತ್ತೇ ಎಂದು ಮಧುಕರನನ್ನು ಕೇಳಿದ್ದಕ್ಕೆ, ಅವನೂ ಗೊತ್ತಿಲ್ಲ ಎಂದ. ಕಥೆ ಹೇಳಿದವರಿಗೂ ಇದಕ್ಕಿಂತ ಹೆಚ್ಚು ತಿಳಿದಿಲ್ಲ.